ಕಿಂಡಿಯಲ್ಲೇ ಮುಗಿದ ಕೆಲಸ

ಕೇಳುಗರಿಗೆ ನಮಸ್ಕಾರ.

ಹೋದ ಭಾನುವಾರ ಅಕ್ಕನ ಮಗಳನ್ನು ಕರ್ಕೊಂಡು ಚಿತ್ರದುರ್ಗದ ಕೋಟೆ ಹತ್ತಿದ್ದೆ. ಓಬವ್ವನ ಕಿಂಡಿ ನೋಡಲೇಬೇಕು ಅಂತ ಅವಳ ಹಟ. ಬಂಡೆಗಳ ಸಂದಿಯಲ್ಲಿ ಬಗ್ಗಿ, ಒಂದು ಭುಜ ಮುಂದೆ ಮಾಡಿ ನುಸುಳಿ ಬಂದಳು. ತರಚಿದ ಮೊಣಕೈ ಉಜ್ಜಿಕೊಳ್ಳುತ್ತಾ ಕೇಳಿದಳು, "ಮಾಮಾ, ಓಬವ್ವ ಮೊದಲು ಮದಕರಿನಾಯಕನಿಗೆ ಯಾಕೆ ಹೇಳಿ ಕಳಿಸಲಿಲ್ಲ?"

"ಅಲ್ಲಿಂದ ಅಪ್ಪಣೆ ಬರೋ ಹೊತ್ತಿಗೆ ಹೈದರಾಲಿ ಸೈನಿಕರು ಒಳಗೆ ತುಂಬಿರ್ತಿದ್ರು ಪುಟ್ಟೀ" ಅಂದೆ.

ನಾನು ಜೀವಶಾಸ್ತ್ರ ಪಾಠ ಮಾಡುವವನು. ಸ್ಟೀರಾಯ್ಡ್ ಹಾರ್ಮೋನುಗಳ ಬಗ್ಗೆ ವರ್ಷಗಟ್ಟಲೆ ಹೇಳಿಕೊಟ್ಟಿದ್ದು ಬರೀ ಅರಮನೆಯ ಕಥೆ. ಕಿಂಡಿಯ ಕಥೆ ಹೇಳಿರಲೇ ಇಲ್ಲ.

ಸ್ಟೀರಾಯ್ಡ್ ಅಂದ ಕೂಡಲೇ ಜಿಮ್ ಹುಡುಗರ ಇಂಜೆಕ್ಷನ್ ನೆನಪಾಗುತ್ತೆ, ಅಲ್ವಾ? ಆದರೆ ನಮ್ಮೆಲ್ಲರ ಮೈಯೂ ಕೊಲೆಸ್ಟರಾಲ್‌ನಿಂದ ಸ್ಟೀರಾಯ್ಡ್ ತಯಾರಿಸುತ್ತದೆ. ಈಸ್ಟ್ರೋಜನ್, ಪ್ರೊಜೆಸ್ಟೆರಾನ್, ಕಾರ್ಟಿಸಾಲ್ ಎಲ್ಲ ಇದೇ ಬಳಗ. ಜಿಡ್ಡಿನ ಗುಣ ಇರುವುದರಿಂದ ಜೀವಕೋಶದ ಪೊರೆ ದಾಟಿ ಸುಲಭವಾಗಿ ಒಳಗೆ ಹೋಗುತ್ತವೆ. ಒಳಗಿರುವ ಗ್ರಾಹಿಯನ್ನು, ಅಂದರೆ ಹಾರ್ಮೋನನ್ನು ಹಿಡಿಯುವ ಪ್ರೋಟೀನನ್ನು ಕೂಡಿಕೊಂಡು ಡಿಎನ್‌ಎ ಹತ್ತಿರ ಹೋಗುತ್ತವೆ. ಅಲ್ಲಿ ಜೀನ್ ಚಾಲೂ ಆಗಬೇಕು, ಹೊಸ ಪ್ರೋಟೀನ್ ತಯಾರಾಗಬೇಕು. ಅರ್ಧ ಗಂಟೆಯಂತೂ ಬೇಕು, ಎಷ್ಟೋ ಸಲ ದಿನವೇ ಹಿಡಿಯುತ್ತದೆ. ಇದೇ ಅರಮನೆಯ ಕಥೆ.

ಆದರೆ 1941ರಲ್ಲೇ ವಿಜ್ಞಾನಿ ಹ್ಯಾನ್ಸ್ ಸೆಲ್ಯೆ ಇಲಿಗಳಿಗೆ ಪ್ರೊಜೆಸ್ಟೆರಾನ್ ಚುಚ್ಚಿದಾಗ ಅವು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿದವು. 1967ರಲ್ಲಿ ಕ್ಲಾರಾ ಸೀಗೋ ಮತ್ತು ಡೇವಿಸ್ ಇಲಿಗಳಿಗೆ ಈಸ್ಟ್ರೋಜನ್ ಕೊಟ್ಟರು. 15 ಸೆಕೆಂಡಿನಲ್ಲಿ ಗರ್ಭಕೋಶದಲ್ಲಿ ಸೈಕ್ಲಿಕ್ ಎಎಂಪಿ ಏರಿತ್ತು. ಇದು ಕೋಶದೊಳಗೆ ಸುದ್ದಿ ಹಂಚುವ ಅಣು. 15 ಸೆಕೆಂಡಿನಲ್ಲಿ ಯಾವ ಪ್ರೋಟೀನ್ ಹುಟ್ಟೀತು? ಹತ್ತು ವರ್ಷದ ಮೇಲೆ ಸೀಗೋ ಮತ್ತು ರಿಚರ್ಡ್ ಪಿಯೆಟ್ರಾಸ್ ಈಸ್ಟ್ರೋಜನ್ ಹಿಡಿಯುವ ಜಾಗ ಪೊರೆಯಲ್ಲೇ, ಅಂದರೆ ಕಿಂಡಿಯಲ್ಲೇ ಇದೆ ಅಂತ ತೋರಿಸಿದರು. ಆಮೇಲೂ ತುಂಬಾ ಜನ ಬಹಳ ಕಾಲ ನಂಬಲಿಲ್ಲ. ಪಾಠ ಹೇಳುವ ನಮ್ಮಂಥವರು ಇನ್ನೂ ನಿಧಾನ.

ನನಗೆ ಜಾಸ್ತಿ ಹಿಡಿಸಿದ ಪುರಾವೆ ವೀರ್ಯಾಣುವಿನದು. ಅದರ ಡಿಎನ್‌ಎ ಮೂಟೆ ಕಟ್ಟಿ ಹೊಲಿದ ಹಾಗೆ ಬಿಗಿಯಾಗಿರುತ್ತದೆ. ಹೊಸ ಜೀನ್ ಓದುವ ಮಾತೇ ಇಲ್ಲ. ಅರಮನೆಗೆ ಬೀಗ. ಆದರೂ ಅಂಡಾಣುವಿನ ಸುತ್ತಲಿನ ಕೋಶಗಳಿಂದ ಬರುವ ಪ್ರೊಜೆಸ್ಟೆರಾನ್ ತಾಕಿದ ಕ್ಷಣದಲ್ಲೇ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಬಾಲ ಜೋರಾಗಿ ಬಡಿಯುತ್ತದೆ. ಬಾಲದ ಮೇಲಿನ ಆ ಕ್ಯಾಲ್ಸಿಯಂ ಬಾಗಿಲಿನ ಹೆಸರು ಕ್ಯಾಟ್‌ಸ್ಪರ್. ಮನುಷ್ಯನಲ್ಲಿ ಪ್ರೊಜೆಸ್ಟೆರಾನ್ ಇದನ್ನು ತೆರೆಯುತ್ತದೆ ಅಂತ 2011ರಲ್ಲಿ ಎರಡು ತಂಡಗಳು ತೋರಿಸಿದವು. ಹೇಗೆ ಅನ್ನೋದು 2016ರಲ್ಲಿ ಬಂತು. ಬಾಗಿಲನ್ನು ಒಂದು ಬಗೆಯ ಕೊಬ್ಬು ಅಗುಳಿಯಂತೆ ಮುಚ್ಚಿ ಹಿಡಿದಿರುತ್ತದೆ. ಪ್ರೊಜೆಸ್ಟೆರಾನ್ ಪೊರೆಯಲ್ಲಿರುವ ಎಬಿಎಚ್‌ಡಿ2 ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಅದು ಅಗುಳಿಯನ್ನು ಕತ್ತರಿಸಿ ಹಾಕುತ್ತದೆ.

ಈ ಕೊನೆಯ ಭಾಗ ಬಿಟ್ಟು ಉಳಿದದ್ದನ್ನು ಅಕ್ಕನ ಮಗಳಿಗೆ ಹೇಳಿದೆ. "ಹಾಗಾದ್ರೆ ಅರಮನೆ ಕಥೆ ಸುಳ್ಳಾ?" ಅಂದಳು.

ಸುಳ್ಳಲ್ಲ. ಈಸ್ಟ್ರೋಜನ್‌ನ ಅದೇ ಗ್ರಾಹಿಗಳಲ್ಲಿ ಕೆಲವಕ್ಕೆ ಕೊಬ್ಬಿನ ಬಾಲ ಅಂಟಿಕೊಳ್ಳುತ್ತದೆ. ಅವು ಪೊರೆಯ ಬಳಿಯೇ ಉಳಿಯುತ್ತವೆ. ರಕ್ತನಾಳದ ಒಳಪದರದಲ್ಲಿ ಅವು ನಿಮಿಷಗಳಲ್ಲೇ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡಿಸುತ್ತವೆ, ನಾಳ ಸಡಿಲವಾಗುತ್ತದೆ. ಬಾಲ ಇಲ್ಲದವು ಡಿಎನ್‌ಎ ಹತ್ತಿರದ ಕೆಲಸ ನೋಡಿಕೊಳ್ಳುತ್ತವೆ.

"ಒಂದೇ ಮನೆಯವರು, ಒಬ್ರು ಅರಮನೆಲಿ, ಒಬ್ರು ಕಿಂಡಿಲಿ" ಅಂದಳು. ಅಷ್ಟು ಹೇಳಿ ಮೊಣಕೈಗೆ ಅರಿಶಿನ ಹಚ್ಚಿಸಿಕೊಳ್ಳಲು ಅವರಮ್ಮನ ಹತ್ತಿರ ಓಡಿದಳು.

ನಮಸ್ಕಾರ.