ಎಸರು ಕುದಿಯದೆ ಹಿಟ್ಟು ಮುಟ್ಟಬೇಡಿ

ಕೇಳುಗರಿಗೆಲ್ಲ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡವರು ಬಹುಶಃ ಅಡುಗೆಮನೆಯಲ್ಲೇ ಇರುತ್ತೀರಿ. ಒಲೆ ಮೇಲೆ ಸಾರು, ಕೈಯಲ್ಲಿ ಸೌಟು. ಕೆಲಸ ನಡೆಯಲಿ, ಕಿವಿ ಮಾತ್ರ ಸ್ವಲ್ಪ ಹೊತ್ತು ನನಗೆ ಕೊಡಿ.

ಇವತ್ತು ನಾನು ಹೇಳೋದು ಒಂದು ಕಡುಬಿನ ವಿಷಯ. ನಮ್ಮ ಕಡುಬಲ್ಲ, ಸ್ಲೊವೇನಿಯಾದ ಕಡುಬು. ಯುರೋಪಿನಲ್ಲಿ ಇಟಲಿಯ ಪಕ್ಕ, ಆಸ್ಟ್ರಿಯಾದ ಕೆಳಗೆ ಇರುವ ಪುಟ್ಟ ದೇಶ ಅದು. ಜನ ಎಲ್ಲ ಸೇರಿ 20 ಲಕ್ಷ ಚಿಲ್ಲರೆ. ಅದರ ರಾಜಧಾನಿ ಲುಬ್ಲಿಯಾನಾದಲ್ಲಿ ನಾನು ಮೂರು ವರ್ಷ ಇದ್ದೆ. ಕಡುಬಿನ ಹೆಸರು ಆಯ್ದೊವಿ ಕ್ರಾಪಿ. 'ಆಯ್ದ ಕಥೆಗಳು', 'ಆಯ್ದ ಕವಿತೆಗಳು' ಅಂತೀವಲ್ಲ, ಆ ಆಯ್ದ ಅಲ್ಲ ಇದು. ಅವರ ಭಾಷೆಯಲ್ಲಿ ಆಯ್ದ ಅಂದರೆ ಬಕ್‌ವೀಟ್. ಉತ್ತರ ಭಾರತದವರು ನವರಾತ್ರಿ ಉಪವಾಸಕ್ಕೆ ತಿನ್ನುವ ಕುಟ್ಟು ಇದೆಯಲ್ಲ, ಅದೇ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಕುಟ್ಟು ಹಿಟ್ಟು ಅಂತ ಕೇಳಿದರೆ ಕೊಡುತ್ತಾರೆ. ಸಣ್ಣ ಪ್ಯಾಕೆಟ್ ತನ್ನಿ. ಹಿಟ್ಟು ಹಳೆಯದಾದರೆ ಕಹಿ ಬರುತ್ತದೆ.

ಇಷ್ಟರಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ಮರೆಯಬೇಡಿ. ಈ ಹಿಟ್ಟನ್ನು ಕುದಿಯುವ ನೀರಲ್ಲೇ ಕಲಸಬೇಕು. ಬೆಚ್ಚಗಿನ ನೀರಲ್ಲ, ಬಿಸಿ ನೀರೂ ಅಲ್ಲ. ಕೊತಕೊತ ಕುದಿಯುವ ನೀರು.

ಯಾಕೆ ಅಂತ ಹೇಳುತ್ತೇನೆ. ಹೆಸರಿನಲ್ಲಿ ವೀಟ್ ಅಂತ ಇದ್ದರೂ ಇದು ಗೋಧಿಯಲ್ಲ, ಗೋಧಿಯ ದೂರದ ನೆಂಟನೂ ಅಲ್ಲ. ಹುಲ್ಲಿನ ಜಾತಿಗೇ ಸೇರಿದ್ದಲ್ಲ. ಎಲೆ ಅಗಲ, ಹೂ ಬಿಳಿ, ಕಾಳಿಗೆ ಮೂರು ಮೂಲೆ. ಗೋಧಿ ಹಿಟ್ಟಿಗೆ ನೀರು ಬಿದ್ದರೆ ಜಿಗುಟು ಹುಟ್ಟುತ್ತದೆ, ಚಪಾತಿ ಎಳೆದರೂ ಹರಿಯುವುದಿಲ್ಲ. ಕುಟ್ಟು ಹಿಟ್ಟಿನಲ್ಲಿ ಆ ಜಿಗುಟು ಇಲ್ಲ. ಮತ್ತೆ ಹಿಟ್ಟನ್ನು ಹಿಡಿದಿಡುವವರು ಯಾರು? ಅದರೊಳಗಿನ ಪಿಷ್ಟವೇ ಬೆಂದು ಗಂಜಿಯಾಗಿ ಅಂಟಬೇಕು. ಪಿಷ್ಟ ಬೇಯಬೇಕಾದರೆ ನೀರು ಕುದಿಯಬೇಕು. ಅಷ್ಟೇ ವಿಜ್ಞಾನ.

ಕಲಬುರಗಿ, ವಿಜಯಪುರದ ಕಡೆಯ ತಾಯಂದಿರು ಕೇಳುತ್ತಿದ್ದರೆ ಈಗಲೇ ನಗುತ್ತಿರುತ್ತೀರಿ. ಜೋಳದ ಹಿಟ್ಟಿಗೆ ಎಸರು ಹಾಕಿ ನಾದುವವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಮಲೆನಾಡಿನವರೂ ಅಷ್ಟೇ, ಅಕ್ಕಿ ಹಿಟ್ಟು ಉಕ್ಕರಿಸದೆ ಕಡುಬು ಮಾಡುತ್ತೀರಾ? ಇಲ್ಲ ಅಲ್ವಾ. ಆದರೆ ನೋಡಿ, ಇಷ್ಟೆಲ್ಲ ಗೊತ್ತಿದ್ದ ನಾನೇ ಅಲ್ಲಿ ಎಡವಿದೆ.

ಅದು ಹೇಗಾಯಿತು ಅಂದರೆ, ನಾವು ಹೋದ ಮೊದಲ ಚಳಿಗಾಲ. ಮಾರ್ಕೆಟ್ಟಿನಿಂದ ಒಂದು ಕಿಲೋ ಆಯ್ದ ಹಿಟ್ಟು ತಂದೆ. ಬೂದು ಬಣ್ಣ, ನಡುನಡುವೆ ಕಪ್ಪು ಚುಕ್ಕಿ, ಥೇಟ್ ರಾಗಿ ಹಿಟ್ಟಿನ ತಂಗಿ. ಪ್ಯಾಕೆಟ್ಟಿನ ಹಿಂದೆ ಮಾಡುವ ವಿಧಾನ ಬರೆದಿತ್ತು, ಓದೋಕೆ ಬರಬೇಕಲ್ಲ! ಪೇಟೆಯಲ್ಲಿ ಒಮ್ಮೆ ಕ್ರಾಪಿ ತಿಂದಿದ್ದೆ. ಇದೇನು ಮಹಾ, ಚಪಾತಿ ಹಿಟ್ಟಿನ ಹಾಗೆ ಕಲಸಿದರಾಯಿತು ಅಂದುಕೊಂಡು ನಲ್ಲಿ ನೀರು ಹಾಕಿ ನಾದಿದೆ. ಹಿಟ್ಟು ಒಣಮಣ್ಣಿನ ಹಾಗೆ ಬಿರುಕು ಬಿಟ್ಟಿತು. ಇನ್ನಷ್ಟು ನೀರು ಹಾಕಿದೆ, ಕೈಗೆ ಅಂಟಿತು. ಹೇಗೋ ತಟ್ಟಿ, ಒಳಗೆ ಹೂರಣ ಇಟ್ಟು, ಅಂಚು ಒತ್ತಿ, ಹನ್ನೆರಡು ಕಡುಬು ಮಾಡಿ ಕುದಿಯುವ ನೀರಿಗೆ ಬಿಟ್ಟೆ. ಐದು ನಿಮಿಷ ಬಿಟ್ಟು ಮುಚ್ಚಳ ತೆಗೆದರೆ ಒಂದು ಕಡುಬೂ ಇಲ್ಲ! ಪಾತ್ರೆ ತುಂಬ ಬೂದು ಗಂಜಿ, ಮೇಲೆ ತೇಲುತ್ತಿರುವ ಚೀಸಿನ ಚೂರು.

ಅದೇ ಹೊತ್ತಿಗೆ ಮೇಲಿನ ಮನೆಯ ಅಜ್ಜಿ ಬಂದರು. ಅವರೇ ನಮ್ಮ ಮನೆ ಓನರು. ಎಂಬತ್ತರ ಹತ್ತಿರ ವಯಸ್ಸು, ಯಾವಾಗಲೂ ನೀಲಿ ಏಪ್ರನ್. ಪಾತ್ರೆಯೊಳಗೆ ಬಗ್ಗಿ ನೋಡಿದರು. ನಗಲಿಲ್ಲ, ಅದು ಅವರ ದೊಡ್ಡತನ. ಒಂದೇ ಒಂದು ಪದ ಹೇಳಿದರು: ಕ್ರೋಪ್.

ನನಗೆ ಅರ್ಥವಾಗಲಿಲ್ಲ. ಅವರೇ ಕೆಟಲ್ ತುಂಬಿಸಿ ಒಲೆ ಮೇಲಿಟ್ಟರು. ಅದು ಸಿಳ್ಳೆ ಹಾಕಿದಾಗ ಬೆರಳು ತೋರಿಸಿ ಮತ್ತೆ, ಕ್ರೋಪ್! ಆಮೇಲೆ ಗೊತ್ತಾಯಿತು, ಕುದಿಯುವ ನೀರಿಗೆ ಅವರಲ್ಲಿ ಅದೊಂದು ಬೇರೆಯೇ ಪದ. ನಾವು ಎಸರು ಅಂತೀವಲ್ಲ, ಹಾಗೆ. ನೀರು ಬೇರೆ, ಎಸರು ಬೇರೆ. ನನಗೆ ಎಷ್ಟು ಖುಷಿಯಾಯಿತು ಅಂತೀರಿ!

ಅಜ್ಜಿ ಮರದ ಬೋಗುಣಿಗೆ ಹಿಟ್ಟು ಸುರಿದು, ಉಪ್ಪು ಹಾಕಿ, ನಡುವೆ ಗುಳಿ ಮಾಡಿದರು. ಒಂದು ಕೈಯಲ್ಲಿ ಎಸರು ಹೊಯ್ಯುತ್ತಾ ಇನ್ನೊಂದು ಕೈಯಲ್ಲಿ ಮರದ ಸೌಟಿನಿಂದ ತಿರುವಿದರು. ಬೂದು ಹಿಟ್ಟು ನೋಡನೋಡುತ್ತಲೇ ಕಂದಾಯಿತು. ಹುರಿದ ಕಾಳಿನಂಥ ಘಮ ಎದ್ದಿತು. ಬಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ಟರು. ಕೈಗೆ ತಾಳುವಷ್ಟು ಬಿಸಿ ಇದ್ದಾಗ ಒಂದು ಹಿಡಿ ಮೈದಾ ಉದುರಿಸಿ ನಾದಿದರು. ಕೊನೆಗೆ ನಿಂಬೆ ಗಾತ್ರದ ಉಂಡೆ ತೆಗೆದು ಅಂಗೈಯಲ್ಲಿ ಚಪ್ಪಟೆ ಮಾಡಿ ನನ್ನ ಕಣ್ಣೆದುರು ಹಿಡಿದರು. ಅಂಚಿನಲ್ಲಿ ಒಂದು ಬಿರುಕಿಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮುಂದಿನ ಭಾನುವಾರ ನಾನು ಊರಿಂದ ಒಯ್ದಿದ್ದ ರಾಗಿ ಹಿಟ್ಟಿನಲ್ಲಿ ಮುದ್ದೆ ಮಾಡಿ ಅಜ್ಜಿಯನ್ನು ಕರೆದೆ. ಎಸರಿಗೆ ಹಿಟ್ಟು ಗುಡ್ಡೆಯಾಗಿ ಸುರಿದು, ಸೌಟಿನ ಹಿಡಿಯಿಂದ ನಡುವೆ ತೂತು ಮಾಡಿದೆನೋ ಇಲ್ಲವೋ, ಅಜ್ಜಿ ಚಪ್ಪಾಳೆ ತಟ್ಟಿ 'ಝ್ಗಾನ್ಸಿ, ಝ್ಗಾನ್ಸಿ' ಅಂತ ಕೂಗಿದರು. ಝ್ಗಾನ್ಸಿ ಅಂದರೆ ಸ್ಲೊವೇನಿಯಾದ ರೈತರ ಊಟ. ಅದೇ ಆಯ್ದ ಹಿಟ್ಟು, ಅದೇ ಎಸರು, ಅದೇ ಗುಡ್ಡೆ, ಅದೇ ತೂತು. ಬೆಂದ ಮೇಲೆ ನಾವು ತಿರುವಿ ಮುದ್ದೆ ಕಟ್ಟುತ್ತೇವೆ, ಅವರು ಹೆಚ್ಚಿನ ನೀರು ಬಸಿದು, ತಿರುವಿ, ಫೋರ್ಕಿನಿಂದ ಕೆದರಿ ಉದುರು ಮಾಡುತ್ತಾರೆ. ಮುದ್ದೆ ನುಂಗಬೇಕು, ಅಗಿಯಬಾರದು ಅಂತ ಹೇಳಿದೆ. ಅಜ್ಜಿ ನಂಬಲೇ ಇಲ್ಲ. ಚೆನ್ನಾಗಿ ಅಗಿದು, ಸಾರು ಖಾರ ಅಂತ ಎರಡು ಲೋಟ ನೀರು ಕುಡಿದು ಹೋದರು.

ಅಜ್ಜಿಯ ವಿಷಯಕ್ಕೆ ಬಂದರೆ ನನಗೆ ಸಮಯ ಗೊತ್ತಾಗುವುದಿಲ್ಲ. ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ.

ಈ ಬೆಳೆ ಹುಟ್ಟಿದ್ದು ಚೀನಾದಲ್ಲಿ. ಸ್ಲೊವೇನಿಯಾದ ದಾಖಲೆಯಲ್ಲಿ ಮೊದಲು ಕಾಣುವುದು 1426ರಲ್ಲಿ, ಗೋರ್ನಿ ಗ್ರಾದ್ ಎಂಬ ಊರಿನ ಕಂದಾಯದ ಪುಸ್ತಕದಲ್ಲಿ. ಆಯ್ದ ಅನ್ನುವ ಪದ ಬಂದದ್ದು ಜರ್ಮನ್ ಕಡೆಯಿಂದ, ಅರ್ಥ ಕ್ರೈಸ್ತರಲ್ಲದವರ ಕಾಳು ಅಂತ. ಫ್ರಾನ್ಸಿನವರು ಇದನ್ನೇ ಸರಾಸೆನರ, ಅಂದರೆ ಅರಬ್ ಮುಸಲ್ಮಾನರ ಕಾಳು ಅಂದರು, ರಷ್ಯದವರು ಗ್ರೀಕರ ಕಾಳು ಅಂದರು. ಎಲ್ಲರಿಗೂ ಅದು ಇನ್ನೊಬ್ಬರದ್ದೇ! ಜುಲೈನಲ್ಲಿ ಗೋಧಿ, ಬಾರ್ಲಿ ಕೊಯ್ದ ಹೊಲದಲ್ಲೇ ಇದನ್ನು ಬಿತ್ತುತ್ತಾರೆ. ಹಿಮ ಬೀಳುವ ಮೊದಲು ಎರಡನೇ ಬೆಳೆ ಕೈಗೆ ಬರುತ್ತದೆ. ಬಡ ರೈತನಿಗೆ ಇನ್ನೇನು ಬೇಕು.

ಈಗ ಅಳತೆ. ಪೆನ್ನು ಹುಡುಕಬೇಡಿ, ಸುಲಭ ಇದೆ. ಕುಟ್ಟು ಹಿಟ್ಟು 250 ಗ್ರಾಂ, ನೀರು ಕಾಲು ಲೀಟರು, ಉಪ್ಪು, ಒಂದು ಹಿಡಿ ಮೈದಾ. ನೀರು ಒಮ್ಮೆಗೇ ಸುರಿಯಬೇಡಿ, ಕೆಲವು ಹಿಟ್ಟು ಕಡಿಮೆ ಕುಡಿಯುತ್ತದೆ. ಮತ್ತೆ ಹೇಳುತ್ತೇನೆ, ನೀರು ಕುದಿಯುತ್ತಿರಬೇಕು. ಒಲೆಯಿಂದ ಇಳಿಸಿ, ಫೋನಿನಲ್ಲಿ ಮಾತಾಡಿ, ಆಮೇಲೆ ಹಾಕಿದರೆ ಅದು ಎಸರಲ್ಲ.

ಹೂರಣಕ್ಕೆ ಅಲ್ಲಿ ಸ್ಕೂತ ಎಂಬ ಮೆತ್ತನೆಯ ಚೀಸು ಹಾಕುತ್ತಾರೆ. ನೀವು ಮನೆಯಲ್ಲೇ ಹಾಲು ಒಡೆಸಿದ ಪನೀರು 200 ಗ್ರಾಂ ಪುಡಿ ಮಾಡಿ, ಎರಡು ಚಮಚ ಗಟ್ಟಿ ಮೊಸರು ಸೇರಿಸಿ. ಜೊತೆಗೆ ಅರ್ಧ ಲೋಟ ಬೇಯಿಸಿದ ಬರಗು. ಹೌದು, ನಮ್ಮ ಬರಗೇ. ಅಲ್ಲಿಯೂ ಅದೇ ಧಾನ್ಯ ಹಾಕುತ್ತಾರೆ, ಹಾಗಾಗಿ ನವಣೆ, ಸಾಮೆ ಅಂತ ಬದಲಾಯಿಸಬೇಡಿ. ಉಪ್ಪು, ಒಂದು ಮೊಟ್ಟೆ. ಮೊಟ್ಟೆ ಬೇಡದವರು ಬಿಡಿ.

ಹಿಟ್ಟನ್ನು ಚಪಾತಿಗಿಂತ ದಪ್ಪಗೆ ಲಟ್ಟಿಸಿ, ಲೋಟದ ಬಾಯಿಂದ ಬಿಲ್ಲೆ ಕತ್ತರಿಸಿ, ಒಂದೊಂದು ಚಮಚ ಹೂರಣ ಇಟ್ಟು ಕರ್ಜಿಕಾಯಿಯ ಹಾಗೆ ಮಡಚಿ ಅಂಚು ಒತ್ತಿ. ಉಪ್ಪು ನೀರಲ್ಲಿ ಹತ್ತು ನಿಮಿಷ. ಮೇಲೆ ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ ಉದುರಿಸಿ. ಅಲ್ಲಿನವರು ಹಂದಿ ಕೊಬ್ಬು ಕರಿದ ಚೂರು ಹಾಕುತ್ತಾರೆ, ತಿನ್ನುವವರಿಗೆ ಅದೇ ಸರಿ.

ಸಕ್ಕರೆ ಕಾಯಿಲೆಗೆ ಒಳ್ಳೆಯದಾ, ತೂಕ ಇಳಿಯುತ್ತಾ ಅಂತ ಹೋದಲ್ಲೆಲ್ಲ ಕೇಳುತ್ತಾರೆ. ಮೊದಲು ಕಡುಬು ಒಡೆಯದ ಹಾಗೆ ಮಾಡೋಣ, ಆಮೇಲೆ ಆ ಮಾತು. ಒಡೆದರೆ ನನಗೆ ಬೈಯಬೇಡಿ, ನೀರು ಕುದಿದಿತ್ತಾ ಅಂತ ನೋಡಿಕೊಳ್ಳಿ.

ರಾತ್ರಿ ಉಳಿದ ಕಡುಬನ್ನು ಬೆಳಿಗ್ಗೆ ಕಾವಲಿ ಮೇಲೆ ಬೆಣ್ಣೆ ಹಾಕಿ ಎರಡೂ ಬದಿ ಕೆಂಪಗೆ ಮಾಡಿ. ನಿಜ ಹೇಳಬೇಕೆಂದರೆ ನನಗೆ ಅದೇ ಜಾಸ್ತಿ ಇಷ್ಟ. ನಮಸ್ಕಾರ.