‘ಬಟ್ ಯಾಕೆ ಸರ್?’

ಉತ್ತರಪತ್ರಿಕೆ ತಿದ್ದಿ ಬೆನ್ನು ನೋಯಿಸಿಕೊಂಡವರೇ ಈ ಸಭೆಯಲ್ಲಿ ಹೆಚ್ಚು. ‘ಆಲ್ದೋ ಇಟ್ ರೈನ್ಡ್, ಬಟ್ ವಿ ವೆಂಟ್’ ಎಂಬ ವಾಕ್ಯದ ಪರಿಚಯ ನಿಮಗೆ ಬೇಕಿಲ್ಲ. ಆಲ್ದೋ ಜೊತೆಗೆ ಬಟ್ಟನ್ನೂ ಸೇರಿಸುವ ಈ ತಪ್ಪಿಗೆಲ್ಲ ಕನ್ನಡ ಮೀಡಿಯಮ್ಮೇ ಕಾರಣ ಅಂತ ಸ್ಟಾಫ್ ರೂಮಿನಲ್ಲಿ ಗೊಣಗುತ್ತೇವೆ. ಪಾಪ, ಕನ್ನಡ ಏನು ಮಾಡಿತು? ‘ಮಳೆ ಬಂದರೂ ಹೋದೆವು’ ಅನ್ನುವಾಗ ವಿರೋಧವೆಲ್ಲ ಆ ಒಂದು ‘ರೂ’ನಲ್ಲೇ ತೀರಿತು, ಅದರ ಮೇಲೆ ‘ಆದರೆ’ ಯಾರೂ ಹಾಕುವುದಿಲ್ಲ. ಜೋಡಿ ಕಟ್ಟುವ ಚಟ ಸಂಸ್ಕೃತದ್ದು: ಯದ್ಯಪಿ ಅಂದಮೇಲೆ ತಥಾಪಿ ಬರಬೇಕು. ಹಿಂದಿಯ ಹಾಲಾಂಕಿಗೂ ಲೇಕಿನ್ ಜೊತೆಯಾಗುತ್ತೆ. ಇಂಗ್ಲಿಷೂ ಅಷ್ಟೇ, ಆಲ್ದೋ ಹಿಂದೆ ‘ಯೆಟ್’ ಬಂದರೆ ಸುಮ್ಮನಿರುತ್ತೆ, ‘ಬಟ್’ ಬಂದರೆ ಕೆಂಪು ಇಂಕು.

ನನ್ನನ್ನು ಕಾಡುವುದು ಈ ವ್ಯಾಕರಣ ಅಲ್ಲ. ಒಬ್ಬ ವಿದ್ಯಾರ್ಥಿನಿಗೆ ಎಂ.ಎ. ಪ್ರವೇಶಕ್ಕೆ ಶಿಫಾರಸು ಪತ್ರ ಬರೆದುಕೊಟ್ಟಿದ್ದೆ. ‘ಷಿ ಈಸ್ ಫ್ರಮ್ ಎ ಕನ್ನಡ ಮೀಡಿಯಂ ಸ್ಕೂಲ್, ಬಟ್ ಷಿ ರೈಟ್ಸ್ ವೆಲ್.’ ಹೊಗಳಿದೆ ಅಂತ ಒಳಗೊಳಗೇ ಖುಷಿ. ಹುಡುಗಿ ಕಾಗದ ಹಿಡಿದು ಬಾಗಿಲ ಹತ್ತಿರ ನಿಂತಳು, ಹೋಗಲಿಲ್ಲ. ‘ಸರ್, ಬಟ್ ಯಾಕೆ ಸರ್?’ ನಾನು ಕನ್ನಡಕ ತೆಗೆದೆ, ಒರೆಸಿದೆ, ಮತ್ತೆ ಹಾಕಿಕೊಂಡೆ. ಉತ್ತರ ಇರಲಿಲ್ಲ. ಕನ್ನಡ ಮೀಡಿಯಂನವರಿಗೆ ಬರೆಯಲು ಬರುವುದಿಲ್ಲ ಅಂತ ನಾನು ಎಲ್ಲೂ ಬರೆದಿರಲಿಲ್ಲ, ಬಟ್ ಬರೆದಿತ್ತು. ‘ಆಂಡ್’ ಅಂತ ತಿದ್ದಿ ಮತ್ತೆ ಟೈಪ್ ಮಾಡಿಸಿದೆ. ನಮ್ಮ ಮನೆಯವರು ಈ ಕಥೆ ನೂರು ಸಲ ಕೇಳಿದ್ದಾರೆ, ನೋಡಿ, ಮುಂದಿನ ಸಾಲಿನಲ್ಲಿ ಆಕಳಿಸುತ್ತಿದ್ದಾರೆ.

ಬಟ್ ಆದಮೇಲೆ ಬಂದದ್ದೇ ಗೆಲ್ಲುವುದು. ‘ಕಾಲೇಜು ಚೆನ್ನಾಗಿದೆ, ಆದರೆ ಫೀಸು ಜಾಸ್ತಿ’ ಅಂದರೆ ಅಪ್ಪ ಸೇರಿಸುವುದಿಲ್ಲ. ತಿರುಗಿಸಿ ಹೇಳಿ, ಸಾಲ ಮಾಡಿಯಾದರೂ ಸೇರಿಸುತ್ತಾನೆ. ಆಲ್ದೋ ಹಾಕಿದಿರೋ, ಆ ಭಾಗ ಸೋತ ಪಕ್ಷ. ವಕೀಲರಿಗೆ ಇದು ಚೆನ್ನಾಗಿ ಗೊತ್ತು. ಮೂಲಭೂತ ಹಕ್ಕುಗಳನ್ನು ತಿದ್ದುಪಡಿಯಿಂದ ಕಿತ್ತುಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟಿನ 1967ರ ಗೋಲಕನಾಥ್ ತೀರ್ಪು ಪಾರ್ಲಿಮೆಂಟಿನ ಕೈ ಕಟ್ಟಿದಾಗ, 1971ರ 24ನೇ ತಿದ್ದುಪಡಿ ಸಂವಿಧಾನ ತಿದ್ದುವ ಅಧಿಕಾರದ 368ನೇ ವಿಧಿಯನ್ನು ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂದೇ ಶುರುಮಾಡಿಸಿತು. ಈ ಸಂವಿಧಾನದಲ್ಲಿ ಏನೇ ಇದ್ದರೂ, ಅಂತ. ನೋಡಿ, ಗೆಲ್ಲುವ ಪಕ್ಷ ಯಾವುದು ಅಂತ ಮೊದಲ ಪದದಲ್ಲೇ ತೀರ್ಮಾನ!

ಚೀಟಿ ಬಂತು. ಐದು ನಿಮಿಷವಂತೆ. ‘ವೈಲ್’ ಪದದ ವಿಷಯ ಬಿಟ್ಟೆ. ‘ಅಣ್ಣ ಉದ್ದ, ಆನ್ ದಿ ಕಾಂಟ್ರರಿ ತಮ್ಮ ಗಿಡ್ಡ’ ಅಂತ ಬರೆಯಬೇಡಿ. ಅಲ್ಲಿ ‘ವೇರ್‌ಆಸ್’ ಸಾಕು. ಆನ್ ದಿ ಕಾಂಟ್ರರಿ ಅನ್ನುವುದು ಹೇಳಿದ್ದನ್ನು ಅಲ್ಲಗಳೆಯುವಾಗ. ಹೌಎವರ್ ಎರಡು ವಾಕ್ಯ ಬೆಸೆಯಲಾರದು, ಅದರ ಮುಂಚೆ ಪೂರ್ಣವಿರಾಮವೋ ಅರ್ಧವಿರಾಮವೋ ಇಡಿ, ಬರೀ ಕಾಮಾ ಸಾಲದು. ಡಿಸ್ಪೈಟ್‌ಗೆ ಆಫ್ ಬೇಡ, ಇನ್ ಸ್ಪೈಟ್‌ಗೆ ಬೇಕು. ಬಟ್‌ನಿಂದ ವಾಕ್ಯ ಶುರು ಮಾಡಬಹುದಾ ಅಂತ ಹಿಂದಿನಿಂದ ಯಾರೋ ಕೇಳಿದರು. 1611ರ ಕಿಂಗ್ ಜೇಮ್ಸ್ ಬೈಬಲ್ ತೆರೆದು ನೋಡಿ, ಎಷ್ಟೋ ಇವೆ.

ಊಟಕ್ಕೆ ಹೋಳಿಗೆ ಮಾಡಿಸಿದ್ದಾರಂತೆ. ಬಟ್ ನನಗೆ ಶುಗರ್.