ಮೊದಲು ಯಾವ ಗೆರೆ?

ಎಲ್ಲರಿಗೂ ನಮಸ್ಕಾರ. ಚೀನೀ ಬರವಣಿಗೆ ಕಲಿಯಲು ಕೂತವರು ಶುರುವಿನಲ್ಲೇ ಕೇಳುವ ಪ್ರಶ್ನೆಯೊಂದನ್ನು ಇವತ್ತು ಎತ್ತಿಕೊಳ್ಳುತ್ತೇನೆ. ಬರೆದು ಮುಗಿಸಿದ ಅಕ್ಷರ ಸರಿಯಾಗಿ ಕಂಡರೆ ಸಾಲದೇ? ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬುದು ಯಾರಿಗೆ ಗೊತ್ತಾಗುತ್ತದೆ? ಗೊತ್ತಾಗುತ್ತದೆ. ಬೇಗ ಬೇಗ ಬರೆದಾಗಲಂತೂ ಎದ್ದು ಕಾಣುತ್ತದೆ.

ನಿಯಮಗಳು ಕೆಲವೇ. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ. ಅಡ್ಡಗೆರೆಯೂ ಉದ್ದಗೆರೆಯೂ ಒಂದನ್ನೊಂದು ಕತ್ತರಿಸುವಲ್ಲಿ ಅಡ್ಡ ಮೊದಲು. ಪ್ಲಸ್ ಚಿಹ್ನೆಯಂತೆ ಕಾಣುವ 'ಶಿ', ಅಂದರೆ ಹತ್ತು, ಹೀಗೆ. ನೀರನ್ನು ಸೂಚಿಸುವ 'ಶುಯಿ'ಯಲ್ಲಿ ನಡುವಿನ ಕೊಕ್ಕೆಗೆರೆ ಮೊದಲು, ಪಕ್ಕದವು ನಂತರ. ಬೆಂಕಿಯ 'ಹುವೊ' ನೋಡಲು ಹೆಚ್ಚುಕಡಿಮೆ ಅದರಂತೆಯೇ, ಆದರೆ ಅಲ್ಲಿ ಎರಡು ಪಕ್ಕದ ಚುಕ್ಕಿಗಳೇ ಮೊದಲು. ಹಾಗಾಗಿ ನಿಯಮ ಬಾಯಿಪಾಠವಾದರೆ ಸಾಲದು, ಕೈಗೆ ಬರಬೇಕು.

ದೇಶ ಎಂಬರ್ಥದ 'ಗುವೊ' ಅಕ್ಷರವನ್ನು ಬರೆದೇ ನೋಡೋಣ. ಚೌಕದೊಳಗೆ ಒಂದು ಅಕ್ಷರ, ಒಟ್ಟು ಎಂಟು ಗೆರೆ. ಚೌಕದ ಎಡಬದಿ ಮೊದಲು ಇಳಿಯುತ್ತದೆ. ಎರಡನೆಯ ಗೆರೆ ಮೇಲ್ಗಡೆ ಬಲಕ್ಕೆ ಸಾಗಿ, ಪೆನ್ನು ಎತ್ತದೆ ಅಲ್ಲಿಂದಲೇ ಕೆಳಕ್ಕೆ ತಿರುಗುತ್ತದೆ. ಎರಡು ಬದಿಯಾದರೂ ಲೆಕ್ಕಕ್ಕೆ ಒಂದೇ ಗೆರೆ. ಈಗ ಒಳಗಿನದು: ಅಡ್ಡ, ಅಡ್ಡ, ಉದ್ದ, ಮತ್ತೆ ಅಡ್ಡ, ಒಂದು ಚುಕ್ಕಿ. ಚೌಕದ ತಳ ಎಲ್ಲಕ್ಕಿಂತ ಕೊನೆಗೆ. 'ಮೊದಲು ಒಳಗೆ ಹೋಗು, ಆಮೇಲೆ ಬಾಗಿಲು ಹಾಕು' ಎಂದು ಚೀನಾದ ಮೇಷ್ಟ್ರುಗಳು ಹೇಳಿಕೊಡುತ್ತಾರೆ. ತಳವನ್ನು ಮೊದಲೇ ಎಳೆದುಬಿಟ್ಟರೆ ಒಳಗಿನ ಅಕ್ಷರ ಇಕ್ಕಟ್ಟಿಗೆ ಸಿಕ್ಕಿ ಮುದುಡುತ್ತದೆ.

ಆದರೆ ಅಂದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ದಿನಬಳಕೆಯ ಕೈಬರಹದಲ್ಲಿ ಯಾರೂ ಅಚ್ಚಿನ ಅಕ್ಷರದಂತೆ ಬಿಡಿಬಿಡಿಯಾಗಿ ಬರೆಯುವುದಿಲ್ಲ. ಒಂದು ಗೆರೆಯ ಕೊನೆಯಿಂದ ಮುಂದಿನದರ ಮೊದಲಿಗೆ ಪೆನ್ನು ಹಾರುವಾಗ ಸಣ್ಣದೊಂದು ಎಳೆ ಉಳಿಯುತ್ತದೆ. ವೇಗ ಹೆಚ್ಚಿದಷ್ಟೂ ಗೆರೆಗಳು ಕರಗಿ ಆ ಎಳೆಗಳೇ ಅಕ್ಷರವಾಗುತ್ತವೆ. ಓದುವವರು ಗುರುತಿಸುವುದು ಕೈ ನಡೆದ ದಾರಿಯನ್ನು. ಕ್ರಮ ತಪ್ಪಿದರೆ ಎಳೆ ಬೇರೆ ಕಡೆ ಬೀಳುತ್ತದೆ, ಓದುವವರು ತಡವರಿಸುತ್ತಾರೆ. ಇದಕ್ಕೆ ಸಾಕ್ಷಿ ಇವತ್ತಿನ ಚೀನೀ ಅಚ್ಚಿನಲ್ಲೇ ಇದೆ. ಪುಸ್ತಕ ಎಂಬರ್ಥದ 'ಶು' ಹಳೆಯ ರೂಪದಲ್ಲಿ ಹತ್ತು ಗೆರೆಯದು. 1956ರ ಸರಳೀಕರಣದಲ್ಲಿ ಅದು ನಾಲ್ಕು ಗೆರೆಗೆ ಇಳಿಯಿತು. ಆ ರೂಪವನ್ನು ಯಾವ ಸಮಿತಿಯೂ ಹೊಸದಾಗಿ ಹುಟ್ಟಿಸಲಿಲ್ಲ; ಓಟದ ಕೈಬರಹದಲ್ಲಿ ಶತಮಾನಗಳಿಂದ ಇದ್ದದ್ದನ್ನೇ ನೆಟ್ಟಗೆ ನಿಲ್ಲಿಸಿದರು.

ಹೆಸರುಗಳನ್ನು ಪಟ್ಟಿ ಮಾಡುವಾಗಲೂ ಗೆರೆಯೇ ಆಧಾರ. ಮೊದಲು ಗೆರೆಗಳ ಸಂಖ್ಯೆ. ಅದು ಸಮವಾದರೆ ಮೊದಲ ಗೆರೆ ಯಾವ ಬಗೆಯದು ಎಂದು ನೋಡುತ್ತಾರೆ. 2008ರ ಬೀಜಿಂಗ್ ಒಲಿಂಪಿಕ್ಸ್ ಪಥಸಂಚಲನದಲ್ಲಿ ವಾಡಿಕೆಯಂತೆ ಮೊದಲು ಬಂದ ಗ್ರೀಸ್‌ನ ಹಿಂದೆಯೇ ಗಿನಿ ಬಂತು, ಏಕೆಂದರೆ ಅದರ ಚೀನೀ ಹೆಸರಿನ ಮೊದಲ ಅಕ್ಷರಕ್ಕೆ ಎರಡೇ ಗೆರೆ. ಭಾರತದ ಹೆಸರಿನ ಮೊದಲ ಅಕ್ಷರಕ್ಕೆ ಐದು.

ಹಾಗಾದರೆ ಸರಿಯಾದ ಕ್ರಮ ಒಂದೇ ಇದೆಯೇ? ಇಲ್ಲ. ಹೊಲ ಎಂಬರ್ಥದ 'ಥಿಯೆನ್', ನಾಲ್ಕು ಮನೆಯ ಚೌಕ. ಹೊರಗಿನ ಮೂರು ಬದಿಯಾದ ಮೇಲೆ ಚೀನಾದಲ್ಲಿ ಒಳಗಿನ ಅಡ್ಡಗೆರೆ ಮೊದಲು, ಜಪಾನಿನಲ್ಲಿ ಉದ್ದಗೆರೆ. ತೈವಾನಿನ ಪಟ್ಟಿಯೂ ಕೆಲವು ಕಡೆ ಬೇರೆ. ಚೀನಾದಲ್ಲಿ 2021ರ ಮಾರ್ಚ್‌ನಿಂದ ಜಾರಿಗೆ ಬಂದ ಮಾನದಂಡ 8105 ಅಕ್ಷರಗಳಿಗೆ ಕ್ರಮ ನಿಗದಿ ಮಾಡಿದೆ. ಜಪಾನಿನ 1958ರ ಕೈಪಿಡಿಯಾದರೋ ತನ್ನಲ್ಲಿಲ್ಲದ ಕ್ರಮ ತಪ್ಪೆಂದು ತಿಳಿಯಬೇಕಿಲ್ಲ ಎಂದು ತಾನೇ ಹೇಳಿಬಿಟ್ಟಿದೆ. ಆ ಔದಾರ್ಯ ನನಗೆ ಬಹಳ ಹಿಡಿಸಿತು. ಆದರೂ ಕಲಿಯುವವರು ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಬೇಕು. ದಿನಕ್ಕೊಂದು ರೀತಿ ಬರೆದರೆ ಕೈಗೆ ಯಾವುದೂ ನೆನಪಿರುವುದಿಲ್ಲ.

ಅಭ್ಯಾಸಕ್ಕೆ ಅದೇ 'ಥಿಯೆನ್' ಆಕಾರದ ಚೌಕಗಳಿರುವ ಕಾಪಿ ಪುಸ್ತಕ ಕೊಳ್ಳಿ. ಒಳಗಿನ ಚುಕ್ಕೆಗೆರೆಗಳು ಅಕ್ಷರದ ನಡು ಎಲ್ಲಿದೆಯೆಂದು ತೋರಿಸುತ್ತವೆ. ನಮ್ಮ ಮಕ್ಕಳಿಗೆ ಸ್ಲೇಟಿನಲ್ಲಿ ತಿದ್ದಿಸುವಂತೆ ಅಲ್ಲೂ ಕೆಂಪಕ್ಷರದ ಮೇಲೆ ತಿದ್ದಿಸುತ್ತಾರೆ. ತರಗತಿಯಲ್ಲಿ ಮಕ್ಕಳು ಬೆರಳೆತ್ತಿ ಗಾಳಿಯಲ್ಲಿ ಬರೆಯುತ್ತ ಗೆರೆಗಳ ಹೆಸರನ್ನು ಒಟ್ಟಿಗೆ ಕೂಗುತ್ತಾರೆ: ಹೆಂಗ್, ಶು, ಪಿಯೆ, ದಿಯೆನ್, ಝೆ. ಅಡ್ಡ, ಉದ್ದ, ಎಡ ಓರೆ, ಚುಕ್ಕಿ, ಮಡಿಕೆ. ದೊಡ್ಡವರು ನಾಚಿಕೊಂಡು ಇದನ್ನು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಹೊಸ ಅಕ್ಷರ ಸಿಕ್ಕಾಗ ಅದರ ಚಿತ್ರವನ್ನು ನಕಲು ಮಾಡುವ ಮೊದಲು ಗೆರೆಗಳ ಹೆಸರನ್ನು ಗಟ್ಟಿಯಾಗಿ ಹೇಳುತ್ತ ಗಾಳಿಯಲ್ಲಿ ಬರೆಯಿರಿ, ಆಮೇಲೆ ಕಾಗದಕ್ಕೆ ಬನ್ನಿ.